ಎರಡು ಕಡೆ ಕಿವಿಯಿಟ್ಟ ರೇಡಿಯೊ

ಉಪಗ್ರಹಗಳು ಬರುವ ಮೊದಲು ದೆಹಲಿಯ ಕನ್ನಡ ವಾರ್ತೆಯನ್ನು ಬೆಂಗಳೂರು ಆಕಾಶವಾಣಿ ಶಾರ್ಟ್‌ವೇವಿನಲ್ಲಿ ಹಿಡಿದು, ತನ್ನ ಮೀಡಿಯಂ ವೇವಿನಲ್ಲಿ ಮರುಪ್ರಸಾರ ಮಾಡುತ್ತಿತ್ತು. ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಹಿರಿಯರಿಗೆ ಆ ದನಿ ನೆನಪಿರುತ್ತದೆ. ಬೆಂಗಳೂರಿನ ಉದ್ಘೋಷಕರ ಮಾತು ಸ್ಪಷ್ಟ. ದೆಹಲಿಗೆ ಹೋಯಿತೋ, ದನಿ ಉಬ್ಬಿ, ಕುಗ್ಗಿ, ಮುಖ್ಯವಾದ ಹೆಸರು ಬರುವ ಹೊತ್ತಿಗೆ ಮುಳುಗಿಬಿಡುತ್ತಿತ್ತು. ಪೆಟ್ಟಿಗೆಗೆ ಎರಡು ಏಟು ಕೊಟ್ಟವರುಂಟು, ಏರಿಯಲ್ ತಂತಿ ಸರಿಮಾಡಲು ಮಾಡು ಹತ್ತಿದವರುಂಟು. ಪೆಟ್ಟಿಗೆಯದೇನೂ ತಪ್ಪಿರಲಿಲ್ಲ.

ಶಾರ್ಟ್‌ವೇವ್ ಅಲೆ ಮೇಲಿನ ಅಯಾನುಗೋಳದಲ್ಲಿ ಬಾಗಿ ಕೆಳಗಿಳಿಯುತ್ತದೆ, ಅದೂ ಒಂದೇ ದಾರಿಯಲ್ಲಲ್ಲ. 31 ಮೀಟರ್ ಬ್ಯಾಂಡನ್ನೇ ತೆಗೆದುಕೊಳ್ಳಿ. ದೆಹಲಿಯಿಂದ 1,700 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿಬಂದ ಎರಡು ಅಲೆಗಳಲ್ಲಿ ಒಂದರ ದಾರಿ ಅರ್ಧ ಅಲೆಯುದ್ದ, ಅಂದರೆ ಬರೀ 15.5 ಮೀಟರ್ ಹೆಚ್ಚಾದರೆ ಸಾಕು, ಒಂದರ ಏರು ಇನ್ನೊಂದರ ಇಳಿವಿಗೆ ಸಿಕ್ಕಿ ಎರಡೂ ಅಳಿಸಿಹೋಗುತ್ತವೆ. ತೋಟದ ಸಾಲಿನಲ್ಲಿ ಒಂದು ತೆಂಗಿನ ಮರದಿಂದ ಮೂರನೆಯದಕ್ಕಿರುವಷ್ಟು ಅಂತರ! ಪ್ರಸಾರದ ಶಕ್ತಿ ಹೆಚ್ಚಿಸಿದರೂ ಅಷ್ಟೇ, ಎರಡು ಅಲೆಗಳೂ ಒಟ್ಟಿಗೇ ಬೆಳೆಯುತ್ತವೆ.

ಆದರೆ ಇಲ್ಲಿ ಅಳಿಸಿದ ದನಿ ಅದೇ ಕ್ಷಣ ತುಸು ದೂರದಲ್ಲಿ ಚೆನ್ನಾಗಿಯೇ ಇರಬಹುದು. ಅಮೆರಿಕದ ಆರ್‌ಸಿಎ ಕಂಪನಿಯ ಬೆವರೇಜ್ ಮತ್ತು ಪೀಟರ್ಸನ್ 1920ರ ದಶಕದಲ್ಲಿ ಹಿಡಿದ ಜಾಡು ಇದೇ: ಸುಮಾರು 300 ಮೀಟರ್ ಅಂತರದಲ್ಲಿ ಮೂರು ಏರಿಯಲ್, ಅವಕ್ಕೆ ಮೂರು ರಿಸೀವರ್. 1938ರಲ್ಲಿ ಷಿಕಾಗೊದ ಹ್ಯಾಲಿಕ್ರಾಫ್ಟರ್ಸ್ ಕಂಪನಿ ಹವ್ಯಾಸಿ ರೇಡಿಯೊದವರಾದ ಹ್ಯಾಮ್‌ಗಳ ಮನೆಗೂ ಇದನ್ನು ತಂದಿತು, 25 ವಾಲ್ವುಗಳ ಡಿಡಿ-1 ರೂಪದಲ್ಲಿ. ಒಂದೇ ಪೆಟ್ಟಿಗೆಯಲ್ಲಿ ಎರಡು ರಿಸೀವರ್. ಇಂಥ ಸೆಟ್ಟಿನ ಸೊಗಸೆಲ್ಲ ದನಿಯ ಏರಿಳಿತ ತಡೆಯುವ ಎವಿಸಿ ಸರ್ಕ್ಯೂಟಿನಲ್ಲಿದೆ. ಎರಡು ರಿಸೀವರಿಗೂ ಅದು ಒಂದೇ. ಯಾವ ಏರಿಯಲ್ಲಿನಲ್ಲಿ ದನಿ ಜೋರಾಗಿದೆಯೋ ಅದರ ವೋಲ್ಟೇಜು ಇನ್ನೊಂದು ಕಡೆಯನ್ನೂ ಅದುಮಿ ಹಿಡಿಯುತ್ತದೆ. ಸೋತ ಕಡೆಯ ಗೊರಗೊರ ಸದ್ದು ತಲೆಯೆತ್ತುವುದಿಲ್ಲ. ಕೇಳುವವನು ಕೈಯಾಡಿಸಬೇಕಿಲ್ಲ. ಇಷ್ಟು ಅಚ್ಚುಕಟ್ಟಾದ ಉಪಾಯ ಹಳೆಯ ರೇಡಿಯೊಗಳಲ್ಲಿ ವಿರಳವೆಂದೇ ನನ್ನ ಎಣಿಕೆ.

ನಾಗಮಂಗಲದ ಸಂತೆಯಲ್ಲಿ ಮಾತಾಡುವ 4ಜಿ ಮೊಬೈಲಿನೊಳಗೂ ಎರಡು ಕಡೆ ಕಿವಿಯಿಡುವ ಉಪಾಯ ನಡೆಯುತ್ತಿದೆ. ಅಲ್ಲಿ ಹಲವು ಬ್ಯಾಂಡುಗಳಲ್ಲಿ ಅರ್ಧ ಅಲೆಯುದ್ದ ಏಳೆಂಟು ಸೆಂಟಿಮೀಟರಿನ ಆಸುಪಾಸು, ಹಾಗಾಗಿ ಎರಡು ಆಂಟೆನಾಗಳು ಅಂಗೈಯಷ್ಟು ಜಾಗದಲ್ಲೇ ಹಿಡಿಸುತ್ತವೆ.

ಶ್ರೀರಂಗಪಟ್ಟಣದ ಹೈಸ್ಕೂಲು ಮೇಷ್ಟ್ರುಗಳು ದನಿಯ ಈ ಏಳುಬೀಳನ್ನು ಮಕ್ಕಳಿಗೆ ಕೇಳಿಸಿಯೇ ತೋರಿಸಲಿ ಎಂಬುದು ನನ್ನ ಆಸೆ. ಶಾರ್ಟ್‌ವೇವ್ ಇರುವ ಎರಡು ಟ್ರಾನ್ಸಿಸ್ಟರ್ ಸಾಕು. ಸಂಜೆ ಯಾವುದಾದರೂ ದೂರದ ಒಂದೇ ಕೇಂದ್ರಕ್ಕೆ ಎರಡನ್ನೂ ತಿರುಗಿಸಿ, ಮೈದಾನದ ಎರಡು ತುದಿಗಳಲ್ಲಿಟ್ಟು, ಮೊಬೈಲಿನಲ್ಲಿ ಮುದ್ರಿಸಿಕೊಂಡು ಒಟ್ಟಿಗೆ ಕೇಳಲಿ. ಒಂದರಲ್ಲಿ ಮುಳುಗಿದ ಮಾತು ಎಷ್ಟೋ ಸಲ ಇನ್ನೊಂದರಲ್ಲಿ ಸಿಗುತ್ತದೆ.