ಬೀಡಾರದ ಶೌಚ: ಪ್ಲೇಗಿನಿಂದ ಮೋಟಾರು ಪಂದ್ಯದವರೆಗೆ

2021ನೆಯ ಇಸವಿಯ ಜನವರಿ 3ರಂದು, ಕೋವಿಡ್ ಮಹಾಮಾರಿಯಿಂದಾಗಿ ಲೋಕದ ಅನೇಕ ಕ್ರೀಡಾಂಗಣಗಳು ಪ್ರೇಕ್ಷಕರಿಗೆ ಬಾಗಿಲು ಮುಚ್ಚಿಕೊಂಡಿದ್ದ ಹೊತ್ತಿನಲ್ಲಿ, ಸೌದಿ ಅರೇಬಿಯದ ಜೆಡ್ಡಾ ನಗರದಿಂದ ಡಕಾರ್ ರ‍್ಯಾಲಿ ಹೊರಟಿತು. ಹಗಲೆಲ್ಲ ಮರಳಿನಲ್ಲಿ ವಾಹನ ನಡೆಸಿ ಇರುಳಿಗೆ ಡೇರೆಗಳ ಬೀಡಾರವೊಂದಕ್ಕೆ ಬಂದು ಸೇರುವ, ಮರುದಿನ ಅಲ್ಲಿಂದ ಹೊರಟು ನೂರಾರು ಮೈಲಿಯಾಚೆ ಮತ್ತೊಂದು ಬೀಡಾರವನ್ನು ಹುಡುಕಿಕೊಳ್ಳುವ ಈ ಪಂದ್ಯದಲ್ಲಿ ಊಟ, ಸ್ನಾನ, ಶೌಚಗಳು ಬಹುಮಟ್ಟಿಗೆ ಸಾಮೂಹಿಕವಾದುವು. ಆ ವರ್ಷ ಅದರೊಳಕ್ಕೆ ಕಾಲಿಡುವವರು ಸ್ವದೇಶದಲ್ಲಿ ಪರೀಕ್ಷೆ ಮಾಡಿಸಿಕೊಂಡು, ಜೆಡ್ಡಾಕ್ಕೆ ಬಂದ ಮೇಲೆ 48 ಗಂಟೆಗಳ ಕಾಲ ಕೋಣೆ ಬಿಟ್ಟು ಹೊರಬರದೆ, ಮತ್ತೊಮ್ಮೆ ಪರೀಕ್ಷೆಗೆ ಒಳಗಾಗಬೇಕಾಗಿತ್ತು. ಹಾಗೆ ಒಳಹೊಕ್ಕವರಲ್ಲಿ, 2015ರಲ್ಲಿ ಈ ರ‍್ಯಾಲಿಯನ್ನು ಪೂರ್ಣಗೊಳಿಸಿದ ಪ್ರಥಮ ಭಾರತೀಯನೆಂಬ ಕೀರ್ತಿಗೆ ಭಾಜನರಾದ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರೂ ಒಬ್ಬರು. ಜನವರಿ 6ರಂದು ಅವರು ಬಿದ್ದು ತೀವ್ರವಾಗಿ ಗಾಯಗೊಂಡು ರಿಯಾದಿನ ಆಸ್ಪತ್ರೆ ಸೇರಿದ ಸುದ್ದಿ ಈ ಊರನ್ನು ಎಷ್ಟು ಕಳವಳಕ್ಕೆ ಈಡುಮಾಡಿತೆಂಬುದು ಹಲವರಿಗೆ ನೆನಪಿರಬಹುದು. ಅದೇ ಅವಧಿಯಲ್ಲಿ, ಮೋಟಾರು ಸೈಕಲ್ ಪಂದ್ಯಗಳಲ್ಲಿ ಬಹು ಪುರಾತನವೂ ಪ್ರಸಿದ್ಧವೂ ಆದ ಐಲ್ ಆಫ್ ಮ್ಯಾನ್ ದ್ವೀಪದ ಟಿ.ಟಿ. ಪಂದ್ಯವಾದರೋ 2020ರಲ್ಲಿಯೂ 2021ರಲ್ಲಿಯೂ ಎರಡು ವರ್ಷ ರದ್ದಾಯಿತು.

ಒಂದು ನಡೆದು ಮತ್ತೊಂದು ನಿಂತದ್ದಕ್ಕೆ ಕಾರಣವನ್ನು ವಾಹನಗಳ ವೇಗದಲ್ಲಿಯಾಗಲಿ ಹಾದಿಯ ಕಠಿನತೆಯಲ್ಲಿಯಾಗಲಿ ಹುಡುಕಿ ಪ್ರಯೋಜನವಿಲ್ಲ. ಡಕಾರಿನದು ಎಣಿಕೆಗೆ ಸಿಕ್ಕುವ ಬೀಡಾರ. ಯಾರು ಒಳಗಿದ್ದಾರೆ, ಯಾರು ಹೊರಗೆ ಹೋದರು, ಯಾವ ಡೇರೆಯಲ್ಲಿ ಮಲಗಿದರು ಎಂಬುದಕ್ಕೆಲ್ಲ ಅಲ್ಲಿ ಲೆಕ್ಕವುಂಟು. ಟಿ.ಟಿ. ಪಂದ್ಯಕ್ಕಾದರೆ ಸಹಸ್ರಾರು ಮಂದಿ ಹಡಗುಗಳಲ್ಲಿ ಬಂದಿಳಿದು, ಹೊಲಗದ್ದೆಗಳಲ್ಲಿ ಡೇರೆ ಹೊಡೆದು, ಊರವರ ಮನೆಗಳಲ್ಲಿ ಕೋಣೆ ಹಿಡಿದು, ದ್ವೀಪದ ತುಂಬ ಹರಡಿಕೊಳ್ಳುತ್ತಾರೆ. ಮಹಾಮಾರಿಯ ಕಾಲದಲ್ಲಿ ಜನರು ನೆರೆಯಬಹುದೇ ಕೂಡದೇ ಎಂಬ ಪ್ರಶ್ನೆ ನಿಜವಾಗಿ ತೀರ್ಮಾನವಾಗುವುದು ಪಂದ್ಯದ ಹಾದಿಯಲ್ಲಿ ಅಲ್ಲ, ಬೀಡಾರದಲ್ಲಿ. ಬೀಡಾರದಲ್ಲಿಯೂ ಮುಖ್ಯವಾಗಿ ಪಾಯಿಖಾನೆಯಲ್ಲಿ. ಮನುಷ್ಯನು ಮನಸ್ಸು ಮಾಡಿದರೆ ದಿನವೆಲ್ಲ ಪರರಿಂದ ದೂರ ನಿಲ್ಲಬಲ್ಲನು, ಬುತ್ತಿಯನ್ನು ಒಂಟಿಯಾಗಿ ಕುಳಿತು ಉಣ್ಣಬಲ್ಲನು. ಆದರೆ ದೇಹಬಾಧೆಯ ಹೊತ್ತಿಗೆ ಎಲ್ಲರೂ ಹೋಗುವ ಆ ಬಾಗಿಲಿಗೆ ಅವನು ಹೋಗದೆ ವಿಧಿಯಿಲ್ಲ.

ಈ ವಿಚಾರ ನಮಗೆ ದೂರದ್ದೇನೂ ಅಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ದೇಶದ ಹಳೆಯ ರ‍್ಯಾಲಿಗಳಲ್ಲಿ ಒಂದು; ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಯಲ್ಲಿ ನಡೆದದ್ದುಂಟು. ಇಂತಹ ರ‍್ಯಾಲಿಯಲ್ಲಿ ಕಾರುಗಳನ್ನು ಬಿಚ್ಚಿ ಕಟ್ಟುವ ಸರ್ವಿಸ್ ಪಾರ್ಕ್ ಒಂದು ಕಡೆ, ಸ್ಪರ್ಧೆಯ ಸ್ಟೇಜುಗಳು ಹತ್ತಾರು ಮೈಲಿಗಳಾಚೆ ಮತ್ತೊಂದು ಕಡೆ. ಹಾದಿಯ ತಿರುವುಗಳಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್ಲನು, ಮೊದಲನೆಯ ಕಾರು ಬರುವುದಕ್ಕೆ ಬಹಳ ಮುಂಚೆಯೇ ರಸ್ತೆ ಮುಚ್ಚುವುದರಿಂದ, ಬೆಳಕು ಹರಿಯುವ ಮೊದಲೇ ತನ್ನ ಜಾಗಕ್ಕೆ ಹೋಗಿ ಸೇರಬೇಕು. ಕೊನೆಯ ಕಾರು ಹಾದು, ಹಾದಿ ತೆರೆಯಿತೆಂಬ ಸಂಜ್ಞೆ ಬರುವವರೆಗೆ ಅಲ್ಲಿಂದ ಕದಲಕೂಡದು. ಅವನ ಕೈಗೆ ನೀರಿನ ಬಾಟಲಿ, ಪೊಟ್ಟಣದ ತಿಂಡಿ, ವೈರ್‌ಲೆಸ್ ಇವಿಷ್ಟನ್ನು ಕೊಟ್ಟು ಕಳುಹಿಸುವ ಪದ್ಧತಿಯುಂಟೇ ಹೊರತು, ಆ ಏಳೆಂಟು ಗಂಟೆಗಳ ಅವಧಿಯಲ್ಲಿ ಅವನು ಎಲ್ಲಿಗೆ ಹೋಗಬೇಕೆಂಬುದನ್ನು ಯಾರೂ ಹೇಳಿ ಕಳುಹಿಸುವುದಿಲ್ಲ. ತೋಟದ ಮರೆಯೇ ಗತಿ. ಮಾರ್ಷಲ್ ಹೆಂಗಸಾದರೆ ಆ ಮರೆಯೂ ದಕ್ಕುವುದಿಲ್ಲ. ಆಕೆ ಮುಂಜಾವದಿಂದಲೇ ನೀರು ಕುಡಿಯುವುದನ್ನು ಬಿಟ್ಟು, ಬಿಸಿಲಿನಲ್ಲಿ ಬಾಯಿ ಒಣಗಿಸಿಕೊಂಡು ನಿಲ್ಲುತ್ತಾಳೆ. ಸ್ವಯಂಸೇವೆಗೆಂದು ಬಂದವರನ್ನು ನಡೆಸಿಕೊಳ್ಳುವ ಕ್ರಮ ಇದಲ್ಲ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಪರಿಹಾರಕಾರ್ಯದ ಅಂತಾರಾಷ್ಟ್ರೀಯ ಸಂಸ್ಥೆಗಳು ಕೂಡಿ ರೂಪಿಸಿಕೊಂಡಿರುವ ‘ಸ್ಫಿಯರ್’ ಎಂಬ ಮಾನದಂಡದ ಪ್ರಕಾರ ತಾತ್ಕಾಲಿಕ ಶಿಬಿರದಲ್ಲಿ 50 ಮಂದಿಗೆ ಒಂದರಂತೆ, ಶಿಬಿರ ಮುಂದುವರಿಯುವುದಾದರೆ 20 ಮಂದಿಗೆ ಒಂದರಂತೆ ಪಾಯಿಖಾನೆ ಇರತಕ್ಕದ್ದು; ಸಾರ್ವಜನಿಕ ಸ್ಥಳಗಳಲ್ಲಿ ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು ಇರತಕ್ಕದ್ದು; ಗುಂಡಿಯು ನೀರಿನ ಸೆಲೆಯಿಂದ 30 ಮೀಟರಿಗೆ ಕಡಮೆಯಿಲ್ಲದ ಅಂತರದಲ್ಲಿ ಇರತಕ್ಕದ್ದು. ಒಂದು ರ‍್ಯಾಲಿಯ ಬೀಡಾರದಲ್ಲಿ 5,000 ಮಂದಿ ನೆರೆದರೆಂದು ಇಟ್ಟುಕೊಂಡರೆ, ಅತಿ ಕನಿಷ್ಠವೆಂದರೂ 100 ಪಾಯಿಖಾನೆಗಳು ಬೇಕು. ಒಬ್ಬನ ಮೂತ್ರವೇ ದಿನಕ್ಕೆ ಹತ್ತಿರ ಹತ್ತಿರ ಒಂದೂವರೆ ಲೀಟರ್ ಎಂದು ಹಿಡಿದರೂ, ತೊಳೆಯುವ ನೀರನ್ನು ಬಿಟ್ಟು, 7,500 ಲೀಟರ್ ಆಯಿತು. ನಮ್ಮ ಊರಿನಲ್ಲಿ ಓಡಾಡುವ ಸಕ್ಕಿಂಗ್ ಟ್ಯಾಂಕರೊಂದು ಸಾಮಾನ್ಯವಾಗಿ ನಾಲ್ಕೈದು ಸಾವಿರ ಲೀಟರ್ ಹಿಡಿಯುವುದಾದ್ದರಿಂದ, ನೀರೂ ಸೇರಿದರೆ ಅದು ದಿನಕ್ಕೆ ಹಲವು ಸಲ ಬಂದು ಹೋಗಬೇಕಾಗುತ್ತದೆ. ಬಂದುಹೋದ ಟ್ಯಾಂಕರು ಆ ಹೊಲಸನ್ನು ಎಲ್ಲಿ ಸುರಿಯಿತು? ಮಲಿನಜಲ ಶುದ್ಧೀಕರಣ ಘಟಕದಲ್ಲಿಯೋ, ಕತ್ತಲಾದ ಮೇಲೆ ಯಾವುದೋ ಕೆರೆಯ ತೂಬಿನ ಬಳಿಯಲ್ಲಿಯೋ? ಈ ಪ್ರಶ್ನೆಯನ್ನು ಕೇಳುವ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಕುಕ್ ಟೌನಿನಲ್ಲಿ ಕುಳಿತು ಈ ಮಾತನ್ನು ಬರೆಯುವಾಗ 1898ನೆಯ ವರ್ಷವನ್ನು ನೆನೆಯದೆ ಮುಂದುವರಿಯಲಾಗದು. ಏಕೆಂದರೆ ಬೆಂಗಳೂರು ಪ್ಲೇಗಿನ ಮಹಾಶಿಬಿರಗಳನ್ನು ಕಂಡದ್ದು ಆ ವರ್ಷ, ಮತ್ತು ಕಂಟೋನ್ಮೆಂಟಿನ ಈ ಭಾಗದ ಬಡಾವಣೆಗಳಿಗೆ ಪ್ರೇರಣೆ ದೊರೆತದ್ದೂ ಆ ವರ್ಷದ ಯಾತನೆಯಿಂದಲೇ. ಆಗಸ್ಟ್ ತಿಂಗಳಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಹಾದಿಯ ಗುಂಟ ಬಂದ ಪ್ಲೇಗು, ಮೈಸೂರು ಸರ್ಕಾರದ ಆಡಳಿತಕ್ಕೆ ಒಳಪಟ್ಟಿದ್ದ ಪೇಟೆಯನ್ನೂ ಬ್ರಿಟಿಷರ ಕೈಯಲ್ಲಿದ್ದ ದಂಡು ಪ್ರದೇಶವನ್ನೂ ಭೇದವೆಣಿಸದೆ ಹಿಡಿಯಿತು. ಹಿಂದಿನ ವರ್ಷವಷ್ಟೇ ಜಾರಿಗೆ ಬಂದಿದ್ದ ಸಾಂಕ್ರಾಮಿಕ ರೋಗಗಳ ಕಾಯಿದೆ, 2020ರಲ್ಲಿ ನಮ್ಮ ಮೇಲೆ ಮತ್ತೆ ಪ್ರಯೋಗವಾದ ಕಾಯಿದೆಯೇ ಅದು, ಆಗ ಬ್ರಿಟಿಷ್ ಅಧಿಕಾರಿಗಳ ಹಸ್ತದಲ್ಲಿತ್ತು. ಮೈಸೂರಿನ ಪ್ಲೇಗ್ ಕಮಿಷನರಾಗಿ, ಮುಂದೆ ದಿವಾನ ಪದವಿಗೇರಿದ ವಿ.ಪಿ. ಮಾಧವರಾಯರು ನಿಯುಕ್ತರಾದರು. ಸೋಂಕು ಕಂಡ ಮನೆಯ ಹೆಂಚನ್ನು ತೆಗೆಸಿ ಬಿಸಿಲು ಬೀಳುವಂತೆ ಮಾಡುವುದು, ಗೋಡೆ ನೆಲಗಳನ್ನು ಔಷಧದ ನೀರಿನಿಂದ ತೊಳೆಯಿಸುವುದು, ಮನೆಯವರನ್ನು ಊರ ಹೊರಗಿನ ಷೆಡ್ಡುಗಳಿಗೆ ಸಾಗಿಸುವುದು ಇವು ಆ ಕಾಲದ ಕ್ರಮಗಳಾದುವು.

ಜನರು ರೋಗಕ್ಕಿಂತಲೂ ಆ ಷೆಡ್ಡುಗಳಿಗೆ ಹೆದರಿದರೆಂಬುದು ಅಂದಿನ ವೃತ್ತಾಂತಗಳಿಂದ ತೋರಿಬರುತ್ತದೆ; ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಆ ಭಯ ದೊಂಬಿಯ ರೂಪವನ್ನೇ ತಾಳಿತು. ಆ ಭೀತಿಯನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕಿದ ಅಧಿಕಾರಿಗಳ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಮನೆಯ ಹಿತ್ತಿಲಿನ ಮರೆಯಲ್ಲಿಯೋ ನಸುಕಿನ ಕತ್ತಲೆಯ ಬಯಲಿನಲ್ಲಿಯೋ ಲಜ್ಜೆಯನ್ನು ಕಾಪಾಡಿಕೊಂಡು ಬಂದ ಹೆಂಗಸರನ್ನು ಒಮ್ಮಿಂದೊಮ್ಮೆಗೆ ಗಾಡಿಯಲ್ಲಿ ಸಾಗಿಸಿ, ಅಪರಿಚಿತರ ನಡುವೆ ತಟ್ಟಿಯ ಮರೆಯ ಸಾಲು ಪಾಯಿಖಾನೆಗಳ ಎದುರು ಇಳಿಸಿದಾಗ, ಅವರಿಗೆ ಆದ ಅವಮಾನವನ್ನು ಯಾವ ವರದಿ ತಾನೆ ಬರೆದಿಟ್ಟೀತು? ಶಿಬಿರದ ಶೌಚ ಕೆಟ್ಟಿದ್ದರೆ ಜನ ಸೋಂಕನ್ನು ಮುಚ್ಚಿಡುತ್ತಾರೆ. ಹೆಣವನ್ನು ಗುಟ್ಟಾಗಿ ಸಾಗಿಸುತ್ತಾರೆ. ಹಿಂಬಾಗಿಲಿನಿಂದ ಓಡಿಹೋಗಿ ಮುಂದಿನ ಊರಿಗೆ ರೋಗವನ್ನು ಒಯ್ಯುತ್ತಾರೆ. 2020ರಲ್ಲಿ ಕ್ವಾರಂಟೈನ್ ಕೇಂದ್ರಗಳ ಬಗೆಗೆ ನಮ್ಮ ಕಿವಿಗೆ ಬಿದ್ದ ದೂರುಗಳಲ್ಲಿ ಊಟದ ದೂರು ಎಷ್ಟಿತ್ತೋ ಶೌಚಾಲಯದ ದೂರೂ ಅಷ್ಟೇ ಇತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು.

ಪ್ಲೇಗಿನಿಂದ ಪಾಠ ಕಲಿತ ದಂಡಿನ ಮುನಿಸಿಪಾಲಿಟಿ, ಕಿಕ್ಕಿರಿದಿದ್ದ ಬ್ಲಾಕ್‌ಪಳ್ಳಿಯ, ಎಂದರೆ ಇಂದಿನ ಶಿವಾಜಿನಗರದ, ಜನರಿಗೆ ಬೇರೆ ನೆಲೆಯನ್ನು ಕಲ್ಪಿಸಹೊರಟಿತು. ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಇಲಿ ನುಗ್ಗದ ಮನೆಗಳು, ಗಾಳಿ ಬೆಳಕಿನ ಕೋಣೆಗಳು, ಅಗಲವಾದ ಬೀದಿಗಳು ಇವನ್ನುಳ್ಳ ಫ್ರೇಜರ್ ಟೌನನ್ನು ಯೋಜಿಸಿದನು. 1910ರಲ್ಲಿ ಅದು ಉದ್ಘಾಟನೆಯಾಯಿತು. ಅದೇ ಪ್ರವಾಹದಲ್ಲಿ ರಿಚರ್ಡ್ಸ್ ಟೌನ್, ಕುಕ್ ಟೌನ್‌ಗಳು ಬೆಳೆದುವು. ಈ ಭಾಗದ ಹಳೆಯ ಬಡಾವಣೆಗಳಲ್ಲಿ ನಡೆದಾಡುವವರು, ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಒಂದು ಗಾಡಿ ಹಾಯುವಷ್ಟು ಅಗಲದ ಕನ್ಸರ್ವೆನ್ಸಿ ಗಲ್ಲಿಯನ್ನು ಈಗಲೂ ಅಲ್ಲಲ್ಲಿ ಕಾಣಬಹುದು. ಈಗ ಅವುಗಳಲ್ಲಿ ಸ್ಕೂಟರುಗಳೂ ಕೇಬಲ್ಲಿನ ಸುರುಳಿಗಳೂ ಒಡೆದ ಕುಂಡಗಳೂ ಬಿದ್ದಿರುತ್ತವೆ. ಒಳಚರಂಡಿ ಬರುವ ಮುಂಚೆ ಪ್ರತಿ ಮನೆಯ ಹಿಂಗೋಡೆಯ ಬುಡದಲ್ಲಿ ಒಂದು ಗೇಣಗಲದ ಕಿಂಡಿಯಿದ್ದು, ಅದರ ಮೂಲಕ ಕಕ್ಕಸಿನ ಬಕೆಟ್ಟನ್ನು ಎಳೆದು, ತಲೆಯ ಮೇಲೆ ಹೊತ್ತು, ಗಾಡಿಗೆ ಸುರಿದು ಹೋಗುವ ಮನುಷ್ಯರು ಆ ಗಲ್ಲಿಗಳಲ್ಲಿ ನಡೆಯುತ್ತಿದ್ದರು. ಮುಂಬೀದಿಯ ಆರೋಗ್ಯವನ್ನು ಹಿಂಬೀದಿಯವರ ತಲೆಯ ಮೇಲೆ ಹೊರಿಸಿದ ಯೋಜನೆ ಅದು. ಮಲ ಹೊರುವ ಈ ಹೀನಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಲು 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಬಿ. ಬಸವಲಿಂಗಪ್ಪನವರೇ ಬರಬೇಕಾಯಿತು.

ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂಬುದನ್ನು ಕರಾಚಿಯಲ್ಲಿ ಪೌಲ್ ಲೂಯಿ ಸೀಮಂಡ್ ಕಂಡುಕೊಂಡದ್ದು ಅದೇ 1898ರಲ್ಲಿ. ಆದರೆ ಅದನ್ನು ಅಧಿಕಾರಿಗಳು ನಂಬುವುದಕ್ಕೆ ವರ್ಷಗಳೇ ಹಿಡಿದುವು, ಅಲ್ಲಿಯವರೆಗೆ ಚರಂಡಿಗಳನ್ನೂ ಗೋಡೆಗಳನ್ನೂ ಉಜ್ಜಿಸುತ್ತಲೇ ಇದ್ದರು. ಕೋವಿಡ್ ಬಂದಾಗ ನಾವು ಮಾಡಿದ್ದೂ ಇದಕ್ಕಿಂತ ಭಿನ್ನವಲ್ಲ. ಬೀದಿಬೀದಿಗೆ ಬ್ಲೀಚಿಂಗ್ ದ್ರಾವಣ ಸಿಂಪಡಿಸಿದೆವು. ಉತ್ತರಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿ ಬಂದ ಬಡ ಕಾರ್ಮಿಕರ ಮೈಮೇಲೆಯೇ ಅದನ್ನು ಎರಚಲಾಯಿತು. ಇಂತಹ ಸಿಂಪಡಣೆಯಿಂದ ಪ್ರಯೋಜನವಿಲ್ಲವೆಂದೂ ಮನುಷ್ಯರ ಮೇಲೆ ಎರಚುವುದು ಹಾನಿಕರವೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಿನಲ್ಲಿ ಸ್ಪಷ್ಟಪಡಿಸಿತು. ಕೋವಿಡ್ ಮುಖ್ಯವಾಗಿ ಗಾಳಿಯ ಮೂಲಕ, ಮುಚ್ಚಿದ ಎಡೆಗಳಲ್ಲಿ ಹರಡುವುದೆಂಬುದು ಕ್ರಮೇಣ ನಿಶ್ಚಿತವಾಯಿತು. ಹಾಗಾದರೆ ಶೌಚಾಲಯದ ಚಿಂತೆ ಏಕೆಂದು ಯಾರಾದರೂ ಕೇಳಬಹುದು. ಬೀಡಾರವೆಲ್ಲ ಬಯಲಿನಲ್ಲಿದ್ದರೂ, ಅದರಲ್ಲಿ ನಾಲ್ಕು ಗೋಡೆಗಳ ನಡುವೆ, ಒಬ್ಬನು ಉಸಿರಾಡಿಬಿಟ್ಟ ಗಾಳಿಯಲ್ಲಿ ಮತ್ತೊಬ್ಬನು ಮರುಕ್ಷಣವೇ ಬಂದು ಉಸಿರಾಡುವ ಸ್ಥಳಗಳಲ್ಲಿ ಮುಖ್ಯವಾದದ್ದು ಅದು. ಅದರ ಎದುರಿನ ಸಾಲಿನಲ್ಲಿ ಜನ ಬೆನ್ನಿಗೆ ಎದೆ ತಾಗಿಸಿ ನಿಲ್ಲುತ್ತಾರೆ. 2003ರಲ್ಲಿ ಸಾರ್ಸ್ ರೋಗ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿಸಮುಚ್ಚಯದಲ್ಲಿ ಮುನ್ನೂರಕ್ಕೂ ಮಿಕ್ಕಿದ ನಿವಾಸಿಗಳನ್ನು ಹಿಡಿದಾಗ, ಸ್ನಾನಗೃಹಗಳ ನೆಲದ ಕೊಳವೆಗಳಲ್ಲಿ ಒಣಗಿದ ನೀರುತಡೆಗಳ (ಯು-ಟ್ರ್ಯಾಪ್) ಮೂಲಕ ಚರಂಡಿಯ ಗಾಳಿ ಮೇಲಕ್ಕೆ ಸೆಳೆಯಲ್ಪಟ್ಟದ್ದು ಕಾರಣಗಳಲ್ಲೊಂದೆಂದು ತನಿಖೆ ತಿಳಿಸಿತು.

ನಮ್ಮ ಸಮಾರಂಭಗಳಿಗೆ ಬಾಡಿಗೆಗೆ ತರುವ ಪ್ಲಾಸ್ಟಿಕ್ ಕೋಣೆಯನ್ನು ಒಮ್ಮೆ ಒಳಹೊಕ್ಕು ನೋಡತಕ್ಕದ್ದು. ನಿಂತರೆ ಭುಜ ತಾಕುವಷ್ಟು ಇಕ್ಕಟ್ಟು. ನೆತ್ತಿಯ ಬಳಿ ಅಂಗೈಯಗಲದ ಜಾಲರಿ. ಪೀಠದ ಕೆಳಗೆ ನೀಲಿ ದ್ರಾವಣದ ತೊಟ್ಟಿ. ಕೊಕ್ಕೆ ಮುರಿದ ಬಾಗಿಲನ್ನು ಒಳಗಿನಿಂದ ಒಂದು ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ನೀರು ಬಳಸುವವರಾದ ನಮಗೆ ಅಲ್ಲಿ ನಲ್ಲಿಯಿಲ್ಲ, ಚೊಂಬಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಸಿಲಿನಲ್ಲಿ ಕಾದು ಅದು ಒಲೆಯಾಗಿರುತ್ತದೆ. ಇದಕ್ಕಿಂತ, ತಗಡಿನ ಮರೆ ಕಟ್ಟಿ, ಮೇಲ್ಭಾಗವನ್ನು ಪೂರ್ತಿಯಾಗಿ ಗಾಳಿಗೆ ಬಿಟ್ಟು, ಗುಂಡಿಯನ್ನು ಆಳವಾಗಿ ತೋಡಿ, ಹೊರಗೆ ಡ್ರಮ್ಮಿನಲ್ಲಿ ನೀರೂ ಸೋಪೂ ಇಟ್ಟ ಹಳ್ಳಿಯ ಜಾತ್ರೆಯ ಪಾಯಿಖಾನೆ ಮಹಾಮಾರಿಯ ಕಾಲಕ್ಕೆ ಹೆಚ್ಚು ಕ್ಷೇಮಕರವೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲಕ್ಕಿಂತ ಗುರುತರವಾದದ್ದು ಅದನ್ನು ಶುಚಿಗೊಳಿಸುವವರ ವಿಷಯ. 2013ರ ಕಾಯಿದೆ ಮಲಗುಂಡಿಗೆ ಮನುಷ್ಯರನ್ನು ರಕ್ಷಣಾಸಾಧನವಿಲ್ಲದೆ ಇಳಿಸುವುದನ್ನು ನಿಷೇಧಿಸಿದೆ; ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರವೆಂದು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ ವಿಧಿಸಿದೆ. ಆದರೆ ಮೂರು ದಿನಗಳ ಪಂದ್ಯಕ್ಕೆ, ಗುತ್ತಿಗೆದಾರನ ಅಡಿಯ ಉಪಗುತ್ತಿಗೆದಾರನು ಲಾರಿಯಲ್ಲಿ ಕರೆತಂದ ಕೂಲಿಯವರ ಹೆಸರು ಸಂಘಟಕರ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಸ್ಪರ್ಧಿಯನ್ನು ಪರೀಕ್ಷಿಸಿ, ಮೆಕ್ಯಾನಿಕ್ಕನನ್ನು ಪರೀಕ್ಷಿಸಿ, ಎಲ್ಲರಿಗೂ ಕೊರಳಪಟ್ಟಿ ತೊಡಿಸಿದ ಬೀಡಾರದಲ್ಲಿ, ಅವರೆಲ್ಲರ ಮಲಮೂತ್ರವನ್ನು ಮುಟ್ಟುವವನಿಗೆ ಪರೀಕ್ಷೆಯಿಲ್ಲ, ಲಸಿಕೆಯ ವಿಚಾರಣೆಯಿಲ್ಲ, ಕೈಗವಸಿಲ್ಲ, ಮಲಗಲು ಡೇರೆಯಿಲ್ಲ ಎಂದಾದರೆ, ಸೋಂಕಿಗೆ ಮೊದಲು ಗುರಿಯಾಗುವವನೂ ಅದನ್ನು ತನ್ನ ಕೇರಿಗೆ ಒಯ್ಯುವವನೂ ಅವನೇ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ಮೇಲೆ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣದ ಮಸೂದೆಯೊಂದನ್ನು ಅದೇ ವರ್ಷ ಶಾಸನಸಭೆಯ ಮುಂದಿಟ್ಟಿತು. ಅನುಮತಿ ಯಾರಿಂದ, ತಪ್ಪಿದರೆ ಶಿಕ್ಷೆ ಏನು ಎಂಬುದರ ಸುತ್ತ ಚರ್ಚೆ ನಡೆಯಿತು, ಅದು ಅವಶ್ಯವಾದುದೇ. ಆದರೆ ಅನುಮತಿಯ ಅರ್ಜಿಯಲ್ಲಿಯೇ ಇನ್ನು ಕೆಲವು ಕಲಮುಗಳು ಸೇರಬೇಕು: ನೆರೆಯುವವರ ಸಂಖ್ಯೆಗೆ ತಕ್ಕಂತೆ ಪಾಯಿಖಾನೆಗಳೆಷ್ಟು, ಅವುಗಳಲ್ಲಿ ಹೆಂಗಸರಿಗೆಷ್ಟು, ದೂರದ ಮಾರ್ಷಲ್ ಠಾಣ್ಯಗಳಿಗೆ ಏನು ಏರ್ಪಾಡು, ಕೈ ತೊಳೆಯುವ ನೀರು ಎಲ್ಲಿಂದ, ಟ್ಯಾಂಕರಿನ ನೋಂದಣಿ ಸಂಖ್ಯೆ ಯಾವುದು, ಅದು ಸುರಿಯುವ ಶುದ್ಧೀಕರಣ ಘಟಕ ಯಾವುದು, ಶುಚಿಕಾರ್ಯದವರ ಹೆಸರು ಮತ್ತು ದಿನಗೂಲಿ ಏನು. ಪಂದ್ಯದ ಹಿಂದಿನ ದಿನ ಪೊಲೀಸ್ ಅಧಿಕಾರಿಯ ಜೊತೆಗೆ ಆರೋಗ್ಯಾಧಿಕಾರಿಯೂ ಸ್ಥಳಕ್ಕೆ ಹೋಗಿ, ಈ ಕಲಮುಗಳನ್ನು ಒಂದೊಂದಾಗಿ ಕಣ್ಣಾರೆ ನೋಡಿ ರುಜು ಹಾಕಿದ ಹೊರತು ಮೊದಲನೆಯ ಕಾರಿಗೆ ಬಾವುಟ ಬೀಸಕೂಡದು.