ವಿಕಲಚೇತನರು ನಮ್ಮ ಜಮಾಅತ್‌ಗಳ ಲೆಕ್ಕದಲ್ಲಿದ್ದಾರೆಯೇ?

ಶುಕ್ರವಾರದ ಜುಮಾ ಮುಗಿಸಿ ಹೊರಬರುವಾಗ ನಮ್ಮ ಪೇಟೆಗಳ ಮಸೀದಿಯ ಗೇಟಿನಲ್ಲಿ ನಾವು ವಿಕಲಚೇತನರನ್ನು ಕಾಣುತ್ತೇವೆ. ಒಳಗಿನ ಸಫ್‌ಗಳಲ್ಲಿ ಅವರು ಕಾಣಸಿಗುವುದು ಅಪರೂಪ. ಮದ್ರಸದ ತರಗತಿಯಲ್ಲಿ, ಜಮಾಅತ್ ಕಮಿಟಿಯ ಸಭೆಯಲ್ಲಿ, ಮದುವೆಯ ಹಾಲ್‌ನಲ್ಲಿ ಇನ್ನೂ ಅಪರೂಪ. ಗೇಟಿನಲ್ಲಿ ಕುಳಿತವನ ಕೈಗೆ ನಾಣ್ಯವಿತ್ತು ಜನ ಮನೆಗೆ ನಡೆಯುತ್ತಾರೆ. ಅವನು ಯಾರ ಮಗ, ಯಾವ ತರಗತಿಯಲ್ಲಿ ಶಾಲೆ ಬಿಟ್ಟ, ಯಾವ ಕೆಲಸ ಬಲ್ಲ ಎಂದು ವಿಚಾರಿಸುವವರು ಎಷ್ಟು ಮಂದಿ?

ಪ್ರವಾದಿ ಮುಹಮ್ಮದ್(ಸ)ರ ಸಂಗಾತಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅಂಧರಾಗಿದ್ದರು. ಮಕ್ಕಾದ ಪ್ರಮುಖರೊಂದಿಗೆ ಮಾತುಕತೆ ನಡೆಯುತ್ತಿದ್ದಾಗ ಅವರು ಕಲಿಯಲೆಂದು ಬಂದುದು, ಅವರ ಕಡೆಗೆ ಗಮನ ಹರಿಯದೆ ಹೋದುದು, ಆ ಬಗ್ಗೆ ಪವಿತ್ರ ಕುರ್‌ಆನಿನ 80ನೇ ಅಧ್ಯಾಯ ‘ಅಬಸ’ ಅವತೀರ್ಣವಾದುದು ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಚರಿತ್ರೆಯ ಉಳಿದ ಭಾಗ ಅಷ್ಟಾಗಿ ಕೇಳಿಬರುವುದಿಲ್ಲ. ಅದೇ ಇಬ್ನು ಉಮ್ಮಿ ಮಕ್ತೂಮ್(ರ) ಮದೀನಾದಲ್ಲಿ ಬಿಲಾಲ್(ರ)ರಂತೆಯೇ ಅಝಾನ್ ಕೊಡುವ ಹೊಣೆ ಹೊತ್ತರು. ಪ್ರವಾದಿ(ಸ) ಮದೀನಾದಿಂದ ಹೊರಗೆ ಹೋದಾಗ ನಮಾಝ್‌ನ ನೇತೃತ್ವವನ್ನು ಅವರಿಗೆ ಒಪ್ಪಿಸಿದ ಸಂದರ್ಭಗಳಿವೆ. ಅಂದರೆ ಅವರಿಗೆ ಸಿಕ್ಕಿದ್ದು ಒಂದು ಹುದ್ದೆ. ಅಶಕ್ತರಿಗೆ ಕರ್ಮಶಾಸ್ತ್ರದಲ್ಲಿ ವಿನಾಯಿತಿ ಇದೆ, ಅದರ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಆ ವಿನಾಯಿತಿಯನ್ನೇ ಹಿಗ್ಗಿಸಿ ಅವರನ್ನು ಶಾಲೆಯಿಂದಲೂ ದುಡಿಮೆಯಿಂದಲೂ ಹೊರಗಿಟ್ಟದ್ದಕ್ಕೆ ಯಾವ ಆಧಾರವೂ ಇಲ್ಲ.

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ, ಕರ್ನಾಟಕದಲ್ಲಿ ಸುಮಾರು 13 ಲಕ್ಷ. ದೇಶದ ವಿಕಲಚೇತನರ ಪೈಕಿ ಅಕ್ಷರ ಬಲ್ಲವರು ಶೇ. 55ರಷ್ಟು, ದುಡಿಯುವವರು ಶೇ. 36. ಮಹಿಳೆಯರಲ್ಲಿ ದುಡಿಯುವವರು ಕಾಲು ಭಾಗವೂ ಇಲ್ಲ. ನಮ್ಮ ಮೊಹಲ್ಲಾದಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಕಮಿಟಿಯ ದಫ್ತರದಲ್ಲಿ ಉತ್ತರ ಸಿಗಲಾರದು. ಮಾಸಿಕ ವರ್ಗಣಿ ಬಾಕಿ ಇರಿಸಿಕೊಂಡವರ ಪಟ್ಟಿ ಮಾತ್ರ ತಪ್ಪದೆ ಸಿಗುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ವೈಕಲ್ಯದ ಪ್ರಮಾಣ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಹಾಗೂ ಸರಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಾತಿ ಇದೆ. ಇವೆಲ್ಲಕ್ಕೂ ಬಾಗಿಲು ಒಂದೇ: ವೈದ್ಯಕೀಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್. ಆ ಬಾಗಿಲವರೆಗೂ ಹೋಗದ ಕುಟುಂಬಗಳು ನಮ್ಮಲ್ಲಿ ಬಹಳ. “ಇವನು ಓದಿ ಏನು ಮಾಡಲಿಕ್ಕಿದೆ?” ಎಂಬ ಒಂದು ಮಾತಿಗೆ ಮಗುವಿನ ಭವಿಷ್ಯ ಮುಗಿದುಹೋಗುತ್ತದೆ. ಹೆಣ್ಣು ಮಗುವಾದರೆ ಆ ಮಾತೂ ಹುಟ್ಟುವುದಿಲ್ಲ.

ಕಲಿಕಾ ನ್ಯೂನತೆಯೂ ಈ 21ರಲ್ಲಿ ಸೇರಿದೆ ಎಂಬುದನ್ನು ಮದ್ರಸದ ಉಸ್ತಾದರು ವಿಶೇಷವಾಗಿ ಗಮನಿಸಬೇಕು. ಅಕ್ಷರಗಳು ಹಿಂದುಮುಂದಾಗಿ ಕಾಣುವ ಮಗುವನ್ನು ದಡ್ಡನೆಂದು ಕರೆದು ಬೆತ್ತ ತೋರಿಸಿದ್ದು ಸಾಕು. ಮದ್ರಸದ ಕಲಿಕೆಯಲ್ಲಿ ಕೇಳಿ ಕಂಠಪಾಠ ಮಾಡುವುದಕ್ಕೆ ದೊಡ್ಡ ಸ್ಥಾನವಿದೆ. ಕಣ್ಣು ಕಾಣದ ಮಗುವಿಗೆ ಇಷ್ಟು ಅನುಕೂಲವಾದ ಪಾಠಶಾಲೆ ಬೇರೆ ಯಾವುದಿದೆ? ಕಿವಿ ಕೇಳದ ಮಗುವಿನ ವಿಷಯ ಬೇರೆ. ಸನ್ನೆ ಭಾಷೆ ಬಲ್ಲ ಒಬ್ಬ ಶಿಕ್ಷಕ ತಾಲೂಕಿಗೊಬ್ಬರಂತಾದರೂ ಬೇಕು. ಅದಕ್ಕೆ ಹಣ ಬೇಕು, ಯೋಜನೆಯೂ ಬೇಕು.

ಸರಕಾರವನ್ನು ನಂಬಿ ಕೂರುವಂತಿಲ್ಲ. 2015ರಲ್ಲಿ ‘ದಿವ್ಯಾಂಗ’ ಎಂಬ ಹೆಸರು ಕೊಟ್ಟವರು, ತೀವ್ರ ವೈಕಲ್ಯವುಳ್ಳ ಬಡವರ ಪಿಂಚಣಿಗೆ ಕೇಂದ್ರ ಕೊಡುವ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿಯೆಂದು ನಿಗದಿಯಾದ ಬಳಿಕ ಹತ್ತು ವರ್ಷ ಕಳೆದರೂ ಅದನ್ನು ಏರಿಸಲಿಲ್ಲ. ಇದನ್ನು ಪ್ರಶ್ನಿಸಲೇಬೇಕು. ಜೊತೆಗೆ ಸಮುದಾಯದ ಆಡಳಿತದಲ್ಲಿರುವ ಆಸ್ಪತ್ರೆ, ಕಾಲೇಜು, ಆಂಗ್ಲ ಮಾಧ್ಯಮ ಶಾಲೆಗಳು ತಮ್ಮ ಸಿಬ್ಬಂದಿಯಲ್ಲಿ ವಿಕಲಚೇತನರು ಎಷ್ಟೆಂದು ಹೇಳಬೇಕು. ಲೆಕ್ಕಪತ್ರ, ಔಷಧಿ ಅಂಗಡಿ, ಕಂಪ್ಯೂಟರ್, ಹೊಲಿಗೆ, ಬೋಧನೆ ಎಲ್ಲದರಲ್ಲೂ ಅವರಿಗೆ ಅವಕಾಶವಿದೆ. ರಮಝಾನ್‌ನಲ್ಲಿ ಹತ್ತು ಮನೆಗೆ ಹಂಚಿ ಕರಗುವ ಝಕಾತ್‌ನ ಹಣವನ್ನು ಒಟ್ಟುಗೂಡಿಸಿದರೆ ಒಬ್ಬ ಅರ್ಹನಿಗೆ ಅಂಗಡಿಯೊಂದನ್ನು ಹಾಕಿಕೊಡಬಹುದು. ಮುಂದಿನ ವರ್ಷ ಅವನು ಕೈಚಾಚಬೇಕಾಗಿಲ್ಲ.

ಮಸೀದಿಯ ಕಟ್ಟಡದ ಮಾತು. ಧಾರ್ಮಿಕ ಉದ್ದೇಶಕ್ಕೆ ಸಾರ್ವಜನಿಕರು ಬಳಸುವ ಕಟ್ಟಡಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಹಳೆಯ ಕಟ್ಟಡಗಳ ಮಾರ್ಪಾಡಿಗೆ ಕೊಟ್ಟ ಐದು ವರ್ಷಗಳ ಅವಧಿ 2022ರಲ್ಲೇ ಮುಗಿದಿದೆ. ಎಸಿ, ಗಾಜಿನ ದೀಪಗಳಿಗೆ ಲಕ್ಷಗಟ್ಟಲೆ ಖರ್ಚಾದಲ್ಲಿ ಒಂದು ರ‍್ಯಾಂಪ್, ವುಝೂ ಮಾಡಲು ಎತ್ತರದ ಒಂದು ಆಸನ ದೊಡ್ಡ ಮಾತಲ್ಲ. ಮಂಡಿನೋವಿನ ಹಿರಿಯರೂ ದುಆ ಮಾಡುತ್ತಾರೆ.

ಇವೆಲ್ಲಕ್ಕಿಂತ ಕಷ್ಟದ ವಿಷಯ ಮನೆಯೊಳಗಿನದು. ಅಕ್ಕನ ಮದುವೆಯ ಮಾತುಕತೆಗೆ ಗಂಡಿನವರು ಬಂದಾಗ ವಿಕಲಚೇತನ ತಮ್ಮನನ್ನು ಒಳಕೋಣೆಯಲ್ಲಿ ಕೂರಿಸುವ ಮನೆಗಳಿವೆ. ಅಂಧರು, ಕುಂಟರು, ರೋಗಿಗಳು ಮನೆಯವರ ಜೊತೆ ಕುಳಿತು ಉಣ್ಣುವುದರಲ್ಲಿ ತಪ್ಪೇನಿಲ್ಲವೆಂದು ಸೂರಃ ಅನ್ನೂರ್ (24:61) ಸ್ಪಷ್ಟಪಡಿಸಿರುವಾಗ ಈ ಅಡಗಿಸುವಿಕೆ ಎಲ್ಲಿಂದ ಬಂತು? ಇದರ ಹೊರೆ ಹೊರುವವಳು ತಾಯಿ. ಹಲವು ವರ್ಷಗಳಿಂದ ಒಂದು ಮದುವೆಗೂ ಹೋಗದ, ಒಂದು ದಿನ ತವರಿನಲ್ಲಿ ಉಳಿಯದ ತಾಯಂದಿರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ವಾರಕ್ಕೊಮ್ಮೆ ಅರ್ಧ ದಿನ ಮಗುವನ್ನು ನೋಡಿಕೊಳ್ಳಲು ಮಹಿಳಾ ಘಟಕಗಳು ಸರದಿ ಹಾಕಿಕೊಂಡರೆ ಅದಕ್ಕಿಂತ ದೊಡ್ಡ ಸೇವೆ ಬೇಡ.

ಆ ತಾಯಿಯ ನಿದ್ದೆ ಕೆಡಿಸುವ ಪ್ರಶ್ನೆ “ನಮ್ಮ ನಂತರ ಇವನಿಗೆ ಯಾರು?” ಎಂಬುದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯವುಳ್ಳ, 18 ದಾಟಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಅವಕಾಶವಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ತಂದೆ-ತಾಯಿ ಅಥವಾ ಬಂಧುಗಳು ಅರ್ಜಿ ಸಲ್ಲಿಸಬಹುದು. ಅರ್ಜಿ ತುಂಬಲು ಬಾರದವರ ಮನೆಗೆ ಜಮಾಅತ್ ಕಾರ್ಯದರ್ಶಿಗಳು ಈ ತಿಂಗಳೇ ಹೋಗಲಿ.