ಹೆಂಡತಿಯ ಹೆಸರಿನ ಸಾಲ, ಏಳದ ಗೋಡೆ

ರಾಜಾನುಕುಂಟೆ, ಸಿಂಗನಾಯಕನಹಳ್ಳಿ, ಹೆಸರಘಟ್ಟದ ಕಡೆಯ ನಾವು ಬ್ಯಾಂಕಿನವರನ್ನು ಬೈಯುವುದರಲ್ಲಿ ನಿಸ್ಸೀಮರು. ಪಂಚಾಯಿತಿ ಪಟ್ಟಿಯಲ್ಲಿ ಹೆಸರು ಬಂತು, ಸರ್ಕಾರವೇ ಮನೆ ಮಂಜೂರು ಮಾಡಿತು, ಆದರೂ ಯಲಹಂಕದ ಬ್ಯಾಂಕಿನಲ್ಲಿ ‘ಸಿಬಿಲ್ ಸರಿಯಿಲ್ಲ’ ಎಂದು ಅರ್ಜಿ ವಾಪಸು ಕೊಟ್ಟರು ಎಂದು ಅರಳಿಕಟ್ಟೆಯಲ್ಲಿ ಕೂತು ಗೊಣಗುತ್ತೇವೆ. ನಮ್ಮ ಸಾಲಚರಿತ್ರೆಯ ಆ ಸಿಬಿಲ್ ಅಂಕ ಕೆಡಿಸಿದವರು ಯಾರೆಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಉತ್ತರ ಗೊತ್ತಿರುವುದರಿಂದಲೇ ಕೇಳಿಕೊಳ್ಳುವುದಿಲ್ಲ.

‘ಸರ್ಕಾರಿ ಸಾಲ’ ಎಂದು ನಾವು ಕರೆಯುವುದರಲ್ಲಿ ಸರ್ಕಾರದ್ದು ಎಷ್ಟು? 2016ರಲ್ಲಿ ಆರಂಭವಾದ ಗ್ರಾಮೀಣ ಆವಾಸ್ ಯೋಜನೆ ಬಯಲು ಪ್ರದೇಶದ ಮನೆಯೊಂದಕ್ಕೆ ಕೊಡುವ ಸಹಾಯಧನ 1.20 ಲಕ್ಷ ರೂಪಾಯಿ. ಅದರಲ್ಲಿ ಇವತ್ತು ತಾರಸಿ ಮುಟ್ಟಲಾಗದು. ಮೇಲೆ 70,000 ರೂಪಾಯಿವರೆಗೆ ಸಾಲ ಬೇಕೆಂದರೆ ಬ್ಯಾಂಕಿಗೇ ಹೋಗಬೇಕು. ನಗರದ ಗಡಿಯೊಳಗಿನವರಿಗೆ 2024ರಲ್ಲಿ ಬಂದ ಆವಾಸ್ 2.0ರಲ್ಲಿ ಮೊದಲ 8 ಲಕ್ಷ ಸಾಲದ ಮೇಲೆ ಶೇಕಡಾ 4ರ ಬಡ್ಡಿ ಸಬ್ಸಿಡಿ ಇದೆ, ಒಟ್ಟು 1.80 ಲಕ್ಷದವರೆಗೆ. ಆದರೆ ಅಸಲು ಬ್ಯಾಂಕಿನದು, ಕೊಡುವ ಬಿಡುವ ತೀರ್ಮಾನವೂ ಬ್ಯಾಂಕಿನದು. 2017ರಲ್ಲಿ, ಮತ್ತೆ 2018ರಲ್ಲಿ ರಾಜ್ಯದಲ್ಲಿ ಬೆಳೆಸಾಲ ಮನ್ನಾ ಆದದ್ದನ್ನು ಕಂಡು, ಎಲ್ಲ ಸಾಲವೂ ಒಂದು ದಿನ ಮನ್ನಾ ಆಗುತ್ತದೆಂಬ ಚಪಲ ನಮಗೆ ಹತ್ತಿತು. ಬೈಕಿನ ಸಾಲಕ್ಕೆ, ಮೊಬೈಲಿನ ಕಂತಿಗೆ ಯಾವ ಮುಖ್ಯಮಂತ್ರಿಯೂ ಮನ್ನಾ ಘೋಷಿಸಿಲ್ಲ.

ಹೌಸಿಂಗ್ ಬೋರ್ಡ್ ಯಲಹಂಕ ಉಪನಗರ ಕಟ್ಟಿದ ಕಾಲವೊಂದಿತ್ತು. 1984ರಲ್ಲಿ ಅಲ್ಲಿ ರೈಲು ಗಾಲಿ ಕಾರ್ಖಾನೆ ಶುರುವಾದಾಗಿನ ತಲೆಮಾರು ಮದುವೆ ಮುಂದೂಡಿಯಾದರೂ ಕಂತು ಕಟ್ಟುತ್ತಿತ್ತು. ಹಾಗೆಂದು ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವ ಇರಾದೆ ನನಗಿಲ್ಲ; ಲೇವಾದೇವಿಗಾರನ ಬಡ್ಡಿ ಎಷ್ಟೋ ಮನೆಗಳನ್ನು ಆಗಲೂ ನುಂಗಿತು. ಆದರೆ ಪಡೆದ ಸಾಲವನ್ನು ತೀರಿಸಬೇಕೆಂಬ ನಾಚಿಕೆ ಅವರಿಗಿತ್ತು. ಇಂದು ನಾವು ಯಶವಂತಪುರದ ಅಂಗಡಿಯಲ್ಲಿ ಒಂದು ರೂಪಾಯಿಯೂ ಮುಂಗಡ ಕೊಡದೆ ಟಿವಿ ಹೊತ್ತು ತರುತ್ತೇವೆ, ಮೂರನೇ ಕಂತಿಗೆ ಫೋನ್ ಸ್ವಿಚ್ ಆಫ್ ಮಾಡುತ್ತೇವೆ. ಆಮೇಲೆ ಅರ್ಧಕ್ಕೆ ‘ಸೆಟ್ಲ್’ ಮಾಡಿಕೊಂಡೆವೆಂದು ಹೆಗ್ಗಳಿಕೆ ಬೇರೆ. ಅರ್ಧ ಕಟ್ಟಿ ಮುಗಿಸಿದ ಆ ಸಾಲ ಸಿಬಿಲ್ ವರದಿಯಲ್ಲಿ ತೀರಿದ ಸಾಲವಾಗಿ ನಿಲ್ಲುವುದಿಲ್ಲ. ‘ಸೆಟಲ್ಡ್’ ಎಂಬ ಕಲೆಯಾಗಿ ನಿಲ್ಲುತ್ತದೆ. ನೆಂಟನಿಗೆ ಹಾಕಿಕೊಟ್ಟ ಜಾಮೀನು ಸಹಿಯೂ ಅಲ್ಲಿ ನಮ್ಮ ಹೆಸರಿನಲ್ಲೇ ಕೂತಿರುತ್ತದೆ.

ಇದೆಲ್ಲಕ್ಕಿಂತ ಹೇಯವಾದುದು ಇನ್ನೊಂದಿದೆ. ಆವಾಸ್ ಮನೆ ಹೆಣ್ಣಿನ ಹೆಸರಿನಲ್ಲಿ ಅಥವಾ ಗಂಡಹೆಂಡಿರ ಜಂಟಿ ಹೆಸರಿನಲ್ಲಿರಬೇಕೆಂದು ಯೋಜನೆಗಳು ಒತ್ತಿ ಹೇಳುತ್ತವೆ. ನಾವೋ ಆ ಹೆಣ್ಣಿನ ಹೆಸರನ್ನೇ ಮೊದಲು ಹಾಳು ಮಾಡಿದವರು. ಸಂಘದ ಸಾಲ ಅವಳ ಹೆಸರಿನಲ್ಲಿ, ಮೈಕ್ರೋಫೈನಾನ್ಸ್ ಸಾಲ ಅವಳ ಹೆಸರಿನಲ್ಲಿ. ಖರ್ಚು ಗಂಡನದು, ವಾರದ ಕಂತಿಗೆ ಅಂಗೈ ಚಾಚಿ ನಿಲ್ಲುವವಳು ಅವಳು. ವಸೂಲಿಯ ದೌರ್ಜನ್ಯ ಮಿತಿ ಮೀರಿದ್ದಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಮನೆ ಬಾಗಿಲಲ್ಲಿ ಕೂಗಾಡುವವರನ್ನು ತಡೆದೀತು, ಅವಳ ಸಾಲಚರಿತ್ರೆಯನ್ನು ತೊಳೆಯಲಾರದು. ತಾನು ಖರ್ಚು ಮಾಡದ ದುಡ್ಡಿನ ದಂಡಕ್ಕೆ ಅವಳು ಸೂರು ಕಳೆದುಕೊಳ್ಳುತ್ತಾಳೆ, ನಾವು ಅವಳ ಎದುರಿಗೇ ಬ್ಯಾಂಕಿಗೆ ಶಾಪ ಹಾಕುತ್ತೇವೆ! ಒಮ್ಮೆಯೂ ಸಾಲ ಮಾಡದವರನ್ನು ಸಾಲಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬೇಡಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ನಾವು ಅವಳನ್ನು ಅಷ್ಟಕ್ಕೂ ಅರ್ಹಳಾಗಿ ಉಳಿಸಲಿಲ್ಲ.

ಅಜ್ಞಾನವೆಂದು ನೆಪ ಹೇಳುವಂತೆಯೂ ಇಲ್ಲ. 2017ರಿಂದ ಪ್ರತಿ ಸಾಲಮಾಹಿತಿ ಕಂಪನಿಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪು ದಾಖಲಾಗಿದ್ದರೆ ದೂರು ಕೊಡಬಹುದು. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಮಗೇ ಬರಬೇಕು. ದಿನಕ್ಕೆ ನಾಲ್ಕು ತಾಸು ರೀಲ್ಸ್ ತಿರುಗಿಸುವ ಬೆರಳಿಗೆ ಈ ಹತ್ತು ನಿಮಿಷ ಭಾರ. ಬದಲಿಗೆ ಹೆಬ್ಬಾಳದಲ್ಲೋ ಆರ್‌.ಟಿ. ನಗರದಲ್ಲೋ ‘ಸ್ಕೋರ್ ಏರಿಸಿಕೊಡುತ್ತೇನೆ’ ಎನ್ನುವ ಮಧ್ಯವರ್ತಿಗೆ ಸಾವಿರಗಟ್ಟಲೆ ಕೊಟ್ಟು ಬರುತ್ತೇವೆ. ನಿಜವಾದ ಬಾಕಿಯನ್ನು ಅಳಿಸುವ ಅಧಿಕಾರ ಅವನಿಗಿಲ್ಲ. ಬಾಕಿ ತೀರಿಸಿ, ಸಾಲ ತೀರಿದ ಪತ್ರ ಪಡೆದು, ಮುಂದಿನ ಕಂತುಗಳನ್ನು ತಿಂಗಳು ತಪ್ಪದೆ ಕಟ್ಟುವುದೊಂದೇ ದಾರಿ, ಮತ್ತು ಅದಕ್ಕೆ ತಿಂಗಳುಗಳಲ್ಲ, ವರ್ಷಗಳೇ ಹಿಡಿಯಬಹುದು.

ಮುಂದಿನ ಗ್ರಾಮಸಭೆಗೆ ಅರ್ಜಿ ಹಿಡಿದು ಹೊರಡುವ ಮೊದಲು ವರದಿ ತೆಗೆಸಿ ನೋಡಿ. ಮೊದಲು ಹೆಂಡತಿಯದ್ದು, ಆಮೇಲೆ ನಿಮ್ಮದು. ಅವಳ ಹೆಸರಿನಲ್ಲಿ ನೀವು ಉಳಿಸಿದ ಬಾಕಿಯನ್ನು ನೀವೇ ಕಟ್ಟಿ.